ಮೇಷ್ಟ್ರು ಆರಿಸುವುದಾ, ವೋಟು ಹಾಕುವುದಾ, ಸರದಿ ಕೊಡುವುದಾ? ಶಾಲೆಗೂ ಸಂಘಕ್ಕೂ ಒಂದು ಹೋಲಿಕೆ

ಜೂನ್ ಮುಗಿಯುವ ಹೊತ್ತಿಗೆ ನಮ್ಮ ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆ ಜೋರಾಗಿರುತ್ತದೆ. ಮೊಬೈಲಿಗೆ ವೋಟಿಂಗ್ ಆ್ಯಪ್ ಹಾಕಿಕೊಳ್ಳುತ್ತೇವೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಒತ್ತುತ್ತಾರೆ, ಬೀಪ್ ಅನ್ನುತ್ತದೆ, ಬೆರಳಿಗೆ ಸ್ಕೆಚ್ ಪೆನ್ನಿನ ಗುರುತು ಬೀಳುತ್ತದೆ. ಸಂಜೆಗೆ ಪ್ರಧಾನಮಂತ್ರಿ, ಆರೋಗ್ಯ ಮಂತ್ರಿ, ಆಹಾರ ಮಂತ್ರಿ ಎಲ್ಲರೂ ತಯಾರು. ಮರುದಿನ ಪ್ರಾರ್ಥನೆ ಹೊತ್ತಿಗೆ ಪ್ರಮಾಣ ವಚನ. ಅವತ್ತು ಆ ಮಕ್ಕಳ ಮುಖ ನೋಡಬೇಕು, ಅಷ್ಟು ಹೆಮ್ಮೆ.

ಆಗಸ್ಟ್ ಬರುವಷ್ಟರಲ್ಲಿ ಆಹಾರ ಮಂತ್ರಿಗೆ ಉಳಿಯುವ ಕೆಲಸ ಎರಡೇ. ಊಟದ ಸಾಲು ಸರಿ ಮಾಡುವುದು, ಗಲಾಟೆ ಮಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವುದು. ಊಟದ ವಿಷಯದಲ್ಲಿ ಏನು ಸರಿಯಿಲ್ಲ, ಏನು ಬದಲಾಯಿಸಬೇಕು ಅಂತ ಅವಳನ್ನು ಯಾರೂ ಕೇಳುವುದಿಲ್ಲ.

ನಾನು ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆಯಲ್ಲಿ ಎರಡು ಹಸು ಇವೆ, ಹಾಗಾಗಿ ಊರಿನ ಡೇರಿಯ ಸದಸ್ಯನೂ ಹೌದು. ನನ್ನ ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿದ್ದಾಳೆ. ಮೂರೂ ಕಡೆ ನಾನು ನೋಡುತ್ತಾ ಬಂದಿರುವ ಗೊಂದಲ ಒಂದೇ. ಯಾರು ಲೀಡರ್ ಆಗಬೇಕು ಅನ್ನುವುದಕ್ಕೆ ಎಷ್ಟು ಬೇಕಾದರೂ ಜಗಳ ಆಡುತ್ತೇವೆ. ಆಮೇಲೆ ಯಾವ ತೀರ್ಮಾನವನ್ನು ಯಾರು, ಯಾರನ್ನು ಕೇಳಿ ಮಾಡಬೇಕು ಅನ್ನುವ ಮಾತೇ ಎತ್ತುವುದಿಲ್ಲ. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು. ಒಂದು ತೀರ್ಮಾನದಿಂದ ಯಾರಿಗೆ ಪೆಟ್ಟು ಬೀಳುತ್ತದೋ ಅವರಿಗೆ ಅದು ಮೊದಲೇ ಗೊತ್ತಿರಬೇಕು, ಅವರು ಬಾಯಿಬಿಟ್ಟು ಮಾತಾಡುವ ಹಾಗಿರಬೇಕು. ಅಷ್ಟಿದ್ದರೆ ಲೀಡರನ್ನು ಚೀಟಿ ಎತ್ತಿ ಆರಿಸಿದರೂ ನಡೆಯುತ್ತದೆ. ಅಷ್ಟಿಲ್ಲದಿದ್ದರೆ ಎಷ್ಟು ಚೆನ್ನಾಗಿ ಚುನಾವಣೆ ಮಾಡಿದರೂ ಅದು ಒಂದು ದಿನದ ಹಬ್ಬ.

ಶಾಲೆ, ಡೇರಿ, ಮಹಿಳಾ ಸಂಘ, ಯುವಕ ಸಂಘ ನಡೆಸುವವರು "ನಮಗೆ ಯಾವ ದಾರಿ ಸರಿ?" ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಈ ಬರಹ.

ಮೊದಲು ಮೂರು ಬಗೆ

1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಅನ್ನುವ ಮೂವರು ಸೇರಿ ಒಂದು ಪ್ರಯೋಗ ಮಾಡಿದರು. ಲೆವಿನ್ ಯಹೂದಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟು ಬಂದವರು. ಒಬ್ಬನ ಮಾತೇ ಕೊನೆ ಅನ್ನುವ ಆಳ್ವಿಕೆ ಜನರನ್ನು ಏನು ಮಾಡುತ್ತದೆ ಅನ್ನುವುದು ಅವರಿಗೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. ಹತ್ತು ವರ್ಷದ ಆಸುಪಾಸಿನ ಹುಡುಗರನ್ನು ಐದೈದು ಜನರ ಗುಂಪು ಮಾಡಿ, ಶಾಲೆ ಬಿಟ್ಟ ಮೇಲೆ ಮುಖವಾಡ ಮಾಡುವಂಥ ಕೆಲಸ ಕೊಟ್ಟರು. ಗುಂಪಿನ ದೊಡ್ಡವರು ಮೂರು ಬಗೆಯಲ್ಲಿ ನಡೆದುಕೊಂಡರು. ಒಂದರಲ್ಲಿ ಎಲ್ಲವನ್ನೂ ಅವರೇ ಹೇಳುವುದು. ಇನ್ನೊಂದರಲ್ಲಿ ಹುಡುಗರ ಜೊತೆ ಕೂತು ಮಾತಾಡಿ ತೀರ್ಮಾನ ಮಾಡುವುದು. ಮೂರನೆಯದರಲ್ಲಿ ಸುಮ್ನೆ ಇದ್ದು ಹುಡುಗರ ಪಾಡಿಗೆ ಬಿಟ್ಟುಬಿಡುವುದು.

ಆ ಪ್ರಯೋಗದ ವರದಿಗಳಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ವಿಷಯ. ಗುಂಪಿನ ದೊಡ್ಡವರು ಬೇಕೆಂದೇ ಸ್ವಲ್ಪ ಹೊತ್ತು ಹೊರಗೆ ಹೋಗುತ್ತಿದ್ದರು. ಹುಕುಂ ನಡೆಯುವ ಗುಂಪಿನಲ್ಲಿ ಅವರು ಹೊರಗೆ ಹೋದ ತಕ್ಷಣ ಕೆಲಸ ಕುಸಿದುಹೋಯಿತು. ಕೂಡಿ ತೀರ್ಮಾನಿಸುವ ಗುಂಪಿನಲ್ಲಿ ಅವರು ಇದ್ದರೂ ಇಲ್ಲದಿದ್ದರೂ ಹೆಚ್ಚೂಕಡಿಮೆ ಅಷ್ಟೇ ಕೆಲಸ ನಡೆಯಿತು. ಮೇಷ್ಟ್ರು ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಚ್.ಎಂ. (ಹೆಡ್‌ಮಾಸ್ಟರ್) ಮೀಟಿಂಗಿಗೆ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋದ ದಿನ ಕಾರಿಡಾರಿನಲ್ಲಿ ಎಷ್ಟು ಸದ್ದಿದೆ ಅಂತ ಕೇಳಿಸಿಕೊಂಡರೆ ಆ ಶಾಲೆ ಯಾವ ಬಗೆಯದು ಅಂತ ತಿಳಿಯುತ್ತದೆ.

ಆ ಪ್ರಯೋಗದ ಇನ್ನೊಂದು ಮಾತನ್ನು ನಮ್ಮ ಕಡೆ ಮರೆತುಬಿಡುತ್ತಾರೆ. "ಬಿಟ್ಟುಬಿಡು, ಅವರೇ ನೋಡಿಕೊಳ್ಳಲಿ" ಅನ್ನುವ ಮೂರನೇ ಗುಂಪಿನಲ್ಲಿ ಕೆಲಸವೂ ಕಡಿಮೆ, ಆದ ಕೆಲಸವೂ ಸಾಧಾರಣ. ಬಿಟ್ಟುಬಿಡುವುದು ಪ್ರಜಾಪ್ರಭುತ್ವ ಅಲ್ಲ. ಮಕ್ಕಳ ಸಭೆ ಶುರು ಮಾಡಿಸಿ ಸ್ಟಾಫ್ ರೂಮಿಗೆ ಹೋಗಿ ಕೂರುವವರು ಮಾಡುವುದು ಈ ಮೂರನೆಯದನ್ನೇ. ಹಾಗೇ ಹುಕುಂ ಗುಂಪಿನವರು ಕೆಲಸದ ಪ್ರಮಾಣದಲ್ಲಿ ಹಿಂದೆ ಬಿದ್ದಿರಲಿಲ್ಲ ಅನ್ನುವುದನ್ನೂ ಮುಚ್ಚಿಡಬಾರದು. ಹೊಸತನ ಇದ್ದದ್ದು ಎರಡನೇ ಗುಂಪಿನಲ್ಲಿ. ಪ್ರಯೋಗ ಚಿಕ್ಕದು, ಹುಡುಗರಷ್ಟೇ ಇದ್ದರು, ಅದೂ ಅಮೆರಿಕದಲ್ಲಿ. ಅದೊಂದನ್ನೇ ಹಿಡಿದುಕೊಂಡು ಎಲ್ಲ ಕಡೆ ಹೀಗೇ ಆಗುತ್ತದೆ ಅನ್ನಲಾಗದು. ಆದರೆ ನಾನು ಕಂಡದ್ದಕ್ಕೆ ಅದು ತಾಳೆಯಾಗುತ್ತದೆ.

ಒಬ್ಬರೇ ಹೇಳುವುದು, ಕೇಳಿ ಹೇಳುವುದು

ಒಬ್ಬರೇ ತೀರ್ಮಾನ ಮಾಡಬೇಕಾದ ಹೊತ್ತು ಇದ್ದೇ ಇರುತ್ತದೆ. ಕ್ಲಾಸ್ ರೂಮಿಗೆ ಹಾವು ಬಂದಾಗ ಕೈ ಎತ್ತಿಸುವುದಿಲ್ಲ. ಡೇರಿಯಲ್ಲಿ ಕೂಲರ್ ಕೆಟ್ಟು ಹಾಲು ಒಡೆಯುವ ಹಾಗಾದಾಗ ಸೆಕ್ರೆಟರಿ ಬೋರ್ಡ್ ಸಭೆ ಕರೆಯುತ್ತಾ ಕೂತರೆ ನಷ್ಟ ಎಲ್ಲರಿಗೂ. ಅಂಥ ಕಡೆ ಒಬ್ಬರೇ ಹೇಳಲಿ, ಮರುದಿನ ಯಾಕೆ ಹಾಗೆ ಮಾಡಿದೆ ಅಂತ ಎಲ್ಲರ ಮುಂದೆ ತಿಳಿಸಲಿ. ಇದರಲ್ಲಿ ಜಾಸ್ತಿ ಹೇಳುವುದೇನೂ ಇಲ್ಲ.

ಎಲ್ಲರನ್ನೂ ಕೇಳಿ, ಕೊನೆಗೆ ಒಬ್ಬರು ತೀರ್ಮಾನಿಸುವುದು ಎರಡನೇ ದಾರಿ. ಒಳ್ಳೆಯ ಎಚ್.ಎಂ.ಗಳು ದಿನವೂ ಮಾಡುವುದು ಇದನ್ನೇ. ಟೈಮ್ ಟೇಬಲ್, ಯಾರಿಗೆ ಯಾವ ಕ್ಲಾಸು, ಇರುವ ಗ್ರ್ಯಾಂಟಿನಲ್ಲಿ ಮೊದಲು ಏನು ರಿಪೇರಿ. ಇದು ಸರಿಯಾದ ದಾರಿಯೇ, ಒಂದು ಷರತ್ತು ಮಾತ್ರ. "ನಿಮ್ಮ ಮಾತು ಕೇಳುತ್ತೇನೆ, ತೀರ್ಮಾನ ನನ್ನದು" ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು.

ಹಾಗೆ ಹೇಳದೆ ಸುಮ್ನೆ ಕೇಳಿದರೆ ಏನಾಗುತ್ತದೆ ಅನ್ನುವುದನ್ನು ಹಿಂದೆ ನಾನಿದ್ದ ಒಂದು ಶಾಲೆಯಲ್ಲಿ ನೋಡಿದೆ. ಪ್ರವಾಸಕ್ಕೆ ಎಲ್ಲಿಗೆ ಹೋಗೋಣ ಅಂತ ಏಳನೇ ಕ್ಲಾಸಿನವರನ್ನು ಕೇಳಿದೆವು. ಮಕ್ಕಳು ಎರಡು ದಿನ ಚರ್ಚೆ ಮಾಡಿದರು. ಒಬ್ಬ ಹುಡುಗ ಮನೆಯಿಂದ ಮ್ಯಾಪ್ ತಂದು ಕಿಲೋಮೀಟರ್ ಲೆಕ್ಕ ಹಾಕಿಟ್ಟಿದ್ದ. ಆದರೆ ಬಸ್ಸಿಗೆ ಅಡ್ವಾನ್ಸ್ ಕೊಟ್ಟಾಗಿತ್ತು, ಜಾಗ ಗೊತ್ತಾಗಿಹೋಗಿತ್ತು. ಅದು ನನಗೂ ಗೊತ್ತಿತ್ತು, ನಾನೂ ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಅದೇ ಪ್ರಶ್ನೆ ಕೇಳಿದಾಗ ಕ್ಲಾಸು ಸುಮ್ಮನಿತ್ತು. "ನೀವೇ ಹೇಳಿ ಸಾರ್" ಅಂದರು. ಆ ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ. ಕೇಳದೇ ಇದ್ದಿದ್ದರೆ ಅಷ್ಟು ಹಾಳಾಗುತ್ತಿರಲಿಲ್ಲ.

ವೋಟು: ಡೇರಿಗೆ ಸರಿ, ಕ್ಲಾಸಿಗೆ ಯಾಕೆ ಕಷ್ಟ

ಜನ ಜಾಸ್ತಿ ಇದ್ದು, ಎದುರಿಗೆ ಎರಡೋ ಮೂರೋ ಸ್ಪಷ್ಟ ಆಯ್ಕೆ ಇದ್ದರೆ ವೋಟಿನಷ್ಟು ಸರಳವಾದದ್ದು ಬೇರೆ ಇಲ್ಲ. ಹಾಲು ಉತ್ಪಾದಕರ ಸಹಕಾರ ಸಂಘಗಳೇ ಇದಕ್ಕೆ ಒಳ್ಳೆಯ ಉದಾಹರಣೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳಲ್ಲಿ ಹಳ್ಳಿ ಹಳ್ಳಿಯಲ್ಲೂ ಡೇರಿ ಇದೆ. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ವೋಟು. ಒಂದು ಹಸು ಇರುವ ವಿಧವೆಗೂ ಒಂದೇ, ಹತ್ತು ಹಸು ಕಟ್ಟಿರುವ ಗೌಡರಿಗೂ ಒಂದೇ. ಸಾಮಾನ್ಯ ಕಂಪನಿಯಲ್ಲಿ ಹೀಗಲ್ಲ, ಷೇರು ಎಷ್ಟೋ ಅಷ್ಟು ವೋಟು. ಹಣ ಹಾಕಿದವರ ಮಾತು ನಡೆಯಬೇಕು ಅನ್ನಿಸಿದರೆ ಕಂಪನಿ ಮಾಡಿಕೊಳ್ಳಿ. ಬೆವರು ಹಾಕಿದವರ ಮಾತೂ ನಡೆಯಬೇಕು ಅಂದರೆ ಸಹಕಾರ ಸಂಘ. ಹೊಸದಾಗಿ ರೈತರ ಗುಂಪು ಕಟ್ಟುವವರು ರಿಜಿಸ್ಟರ್ ಮಾಡಿಸುವ ಮೊದಲು ಈ ಒಂದು ವ್ಯತ್ಯಾಸದ ಬಗ್ಗೆ ಕೂತು ಮಾತಾಡಬೇಕು. ಆಮೇಲೆ ಬದಲಾಯಿಸುವುದು ಕಷ್ಟ.

ಡೇರಿಯಲ್ಲಿ ವೋಟು ಅಂದರೆ ಗುಟ್ಟಿನ ವೋಟೇ ಆಗಬೇಕು. ಕೈ ಎತ್ತಿಸುವುದು ಬೇಡ. ಯಾರ ಹತ್ತಿರ ಕೈಸಾಲ ತಂದಿದ್ದೇವೋ, ಯಾರ ಬೋರ್‌ವೆಲ್‌ನಿಂದ ನೀರು ಬಿಡಿಸಿಕೊಳ್ಳುತ್ತೇವೋ ಅವರು ಎದುರಿಗೇ ಕೂತಿದ್ದಾಗ ಕೈ ತಾನಾಗಿ ಅವರ ಕಡೆಗೇ ಎದ್ದುಬಿಡುತ್ತದೆ. ಸಾಲ, ನಂಟು, ಹೆದರಿಕೆ ಇರುವ ಕಡೆ ಕೈ ಎತ್ತಿಸಿದರೆ ಮನಸ್ಸು ಗೊತ್ತಾಗುವುದಿಲ್ಲ.

ಇನ್ನು ಐದು ವರ್ಷಕ್ಕೊಮ್ಮೆ ನಿರ್ದೇಶಕರನ್ನು ಆರಿಸಿ ಮನೆಗೆ ಹೋದರೆ ಕೆಲಸ ಮುಗಿಯಲಿಲ್ಲ. ನಿಜವಾದ ಪರೀಕ್ಷೆ ವಾರ್ಷಿಕ ಮಹಾಸಭೆಯಲ್ಲಿ. ನಾನು ಕೂತಿದ್ದ ಒಂದು ಮಹಾಸಭೆಯಲ್ಲಿ ಜಮಾ ಖರ್ಚನ್ನು ಉಸಿರು ಬಿಡದೆ ಓದಿ, "ಎಲ್ಲರ ಒಪ್ಪಿಗೆ ಇದೆಯಾ?" ಅಂದರು. ಹಿಂದಿನಿಂದ "ಇದೆ, ಇದೆ" ಅಂತ ಕೂಗು ಬಂತು. ಅಷ್ಟರಲ್ಲಿ ಸ್ಟೀಲ್ ಪಾತ್ರೆ ಹಂಚುವುದು ಶುರುವಾಯಿತು. ನನ್ನ ಪಕ್ಕದ ಅಜ್ಜ "ಈ ಸಲ ಬೋನಸ್ ಯಾಕಪ್ಪಾ ಕಡಿಮೆ?" ಅಂತ ನನ್ನನ್ನು ಕೇಳಿದರು. ಕೇಳಬೇಕಾದ್ದು ವೇದಿಕೆಯನ್ನು, ಅಲ್ವಾ? ಆದರೆ ಲೆಕ್ಕದ ಹಾಳೆ ಅವರ ಕೈಯಲ್ಲಿ ಇರಲಿಲ್ಲ. ಹಾಳೆ ಇಲ್ಲದೆ ಯಾವ ಬಾಯಿಂದ ಕೇಳುತ್ತಾರೆ? ಪಶು ಆಹಾರದ ಮಾರಾಟದಲ್ಲಿ ಎಷ್ಟು ಉಳಿಯಿತು, ಸಾದಿಲ್ವಾರಿಗೆ, ಅಂದರೆ ಚಿಲ್ಲರೆ ಖರ್ಚಿಗೆ, ಎಷ್ಟು ಹೋಯಿತು, ಬಟವಾಡೆ ಯಾವ ತಿಂಗಳು ತಡವಾಯಿತು ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದು ಒಂದು ವಾರ ಮೊದಲೇ ಡೇರಿ ಗೋಡೆಗೆ ಅಂಟಿಸಿ. ಬೆಳಗ್ಗೆ ಸಂಜೆ ಹಾಲು ಹಾಕಲು ಎಲ್ಲರೂ ಅಲ್ಲಿಗೇ ಬರುತ್ತಾರೆ. ಕ್ಯೂನಲ್ಲಿ ನಿಂತಾಗ ಓದಿಕೊಳ್ಳುತ್ತಾರೆ, ಓದಲು ಬಾರದವರು ಓದಿಸಿಕೊಳ್ಳುತ್ತಾರೆ. ಮಹಾಸಭೆಯ ದಿನ ಪ್ರಶ್ನೆ ತಾನಾಗಿಯೇ ಬರುತ್ತದೆ.

ಕ್ಲಾಸಿನಲ್ಲಿ ಮಾತ್ರ ವೋಟು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮೂವತ್ತು ಮಕ್ಕಳ ಕ್ಲಾಸಿನಲ್ಲಿ ಒಂದೇ ಊರಿನಿಂದ ಹದಿನಾರು ಮಕ್ಕಳು ಬರುತ್ತಿದ್ದರೆ ಲೀಡರ್ ಯಾವ ಊರಿನವನು ಅಂತ ವೋಟು ಹಾಕುವ ಮೊದಲೇ ಹೇಳಬಹುದು. ಕೇರಿಯ ಲೆಕ್ಕವೂ ಮಕ್ಕಳಿಗೆ ಗೊತ್ತಿರುತ್ತದೆ. ದೊಡ್ಡವರು ಮಾಡುವುದನ್ನು ನೋಡಿಯೇ ಕಲಿತಿರುತ್ತಾರೆ. ಸೋತ ಮಗು ಇಡೀ ವರ್ಷ ಸೋತವಳಾಗಿಯೇ ಇರುತ್ತಾಳೆ. ಚುನಾವಣೆ ಹೇಗೆ ನಡೆಯುತ್ತದೆ ಅಂತ ಕಲಿಸುವ ಪಾಠವಾಗಿ ಶಾಲಾ ಸಂಸತ್ತು ಚೆನ್ನಾಗಿದೆ, ಬಿಡಬೇಡಿ. ಕ್ಲಾಸಿನ ದಿನದಿನದ ಕೆಲಸಕ್ಕೆ ಬೇರೆ ದಾರಿ ನೋಡಿ.

ಸರದಿ ಮತ್ತು ಚೀಟಿ

ನನ್ನ ಆಯ್ಕೆ ಸರದಿ. ವಾರಕ್ಕೊಬ್ಬರು ಲೀಡರ್, ಹಾಜರಿ ಪಟ್ಟಿಯ ಕ್ರಮದಲ್ಲಿ. ಮೂವತ್ತು ಮಕ್ಕಳಿದ್ದರೆ ಒಂದು ಶಾಲಾ ವರ್ಷದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದು ವಾರ ಸಿಗುತ್ತದೆ. ಮೊದಲ ತಿಂಗಳು ಗದ್ದಲ ಜಾಸ್ತಿ ಇರುತ್ತದೆ, ಅದನ್ನು ತಡೆದುಕೊಳ್ಳಬೇಕು. ಯಾವತ್ತೂ ಬಾಯಿಬಿಡದ ಮಗು ತನ್ನ ವಾರ ಬಂದಾಗ ಚಾಕ್‌ಪೀಸ್ ಹಿಡಿದು ನಿಲ್ಲಬೇಕಾಗುತ್ತದೆ. ಹೋದ ವಾರ ತಾನು ಲೀಡರ್ ಆಗಿ ಕಷ್ಟಪಟ್ಟ ಹುಡುಗ ಈ ವಾರದ ಲೀಡರಿಗೆ ಅಷ್ಟು ಕಾಟ ಕೊಡುವುದಿಲ್ಲ. ಹೆಸರು ಬರೆಯುವ ಅಧಿಕಾರವನ್ನು ಮಾತ್ರ ಯಾವ ಲೀಡರಿಗೂ ಕೊಡಬೇಡಿ. ಹೆಸರು ಬರೆಯುವುದು ಪೊಲೀಸ್ ಕೆಲಸ. ಅದು ಕೈಗೆ ಬಂದ ತಕ್ಷಣ ಒಳ್ಳೆಯ ಮಗುವೂ ಬದಲಾಗುತ್ತದೆ.

ಮಹಿಳಾ ಸಂಘಗಳಲ್ಲಿ ಸರದಿ ಇನ್ನೂ ಮುಖ್ಯ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾಯಿತು. ವಾರ ವಾರ ಕೂತು ಉಳಿತಾಯ ಕಟ್ಟಿ, ಒಳಗೊಳಗೇ ಸಾಲ ಕೊಟ್ಟುಕೊಂಡು ಬೆಳೆದ ಸಂಘಗಳಿವು. ಪ್ರತಿನಿಧಿ ಬದಲಾಗುತ್ತಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಬಹಳ ಕಡೆ ಹತ್ತು ವರ್ಷವಾದರೂ ಅದೇ ಇಬ್ಬರು. ಯಾಕೆ ಅಂತ ನೋಡಿದರೆ ಮೋಸ ಇರುವುದಿಲ್ಲ. ಪುಸ್ತಕ ಬರೆಯಲು ಬರುವುದು ಅವರಿಗಷ್ಟೇ. ಬ್ಯಾಂಕಿಗೆ ಹೋಗಿ ಚಲನ್ ತುಂಬುವ ಧೈರ್ಯ ಅವರಿಗಷ್ಟೇ. ಉಳಿದವರು "ಅಕ್ಕಾ, ನೀನೇ ಇರಕ್ಕಾ" ಅನ್ನುತ್ತಾರೆ.

ನನ್ನ ಹೆಂಡತಿಯ ಸಂಘದಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡರು. ಪ್ರತಿನಿಧಿಯನ್ನು ಬದಲಾಯಿಸುವ ಮೊದಲು ಪುಸ್ತಕವನ್ನು ಸರದಿಗೆ ಬಿಟ್ಟರು. ಪ್ರತಿ ವಾರ ಬೇರೆಯವರು ಬರೆಯಬೇಕು, ಗೊತ್ತಿರುವವರು ಪಕ್ಕದಲ್ಲಿ ಕೂರಬೇಕು. ಒಂದು ಸಂಜೆ ನಮ್ಮ ಮನೆ ಜಗಲಿಯಲ್ಲೇ ಸಭೆ ಇತ್ತು. ಸಹಿ ಮಾಡಲು ಮಾತ್ರ ಬರುವ ಒಬ್ಬ ಹೆಂಗಸು ನೂರು ಅಂತ ಬರೆಯಲು ಒಂದು ಸೊನ್ನೆ, ಇನ್ನೊಂದು ಸೊನ್ನೆ ಅಂತ ಬಾಯಲ್ಲೇ ಹೇಳಿಕೊಂಡು ಗೀಟು ದಾಟದ ಹಾಗೆ ಬರೆದರು. ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಯಾರೂ ಪೆನ್ನು ಕಿತ್ತುಕೊಳ್ಳಲಿಲ್ಲ. ಆರು ತಿಂಗಳ ಮೇಲೆ ಪ್ರತಿನಿಧಿ ಬದಲಾದಾಗ ಆ ಜಾಗಕ್ಕೆ ಬರಲು ನಾಲ್ಕು ಜನ ತಯಾರಿದ್ದರು. ಕೆಲಸ ಕಲಿಸದೆ ಸರದಿ ಮಾತ್ರ ತಂದರೆ ಹೆಸರು ಒಬ್ಬರದು, ಕೈ ಇನ್ನೊಬ್ಬರದು ಆಗುತ್ತದೆ. ಪಂಚಾಯಿತಿಗಳಲ್ಲಿ ಹೆಂಡತಿ ಅಧ್ಯಕ್ಷೆ, ಫೈಲು ನೋಡುವವರು ಯಜಮಾನರು ಅನ್ನುವ ಹಾಗೆ.

ಚೀಟಿ ಎತ್ತುವುದು ಸರದಿಯ ತಮ್ಮ. ಇದು ಆಟ ಅನ್ನಿಸಬಹುದು, ಅಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಚೋಳ ದೊರೆ ಪರಾಂತಕನ ಕಾಲದ, ಹತ್ತನೇ ಶತಮಾನದ ಶಾಸನಗಳಿವೆ. ಊರ ಸಭೆಯ ಸಮಿತಿಗಳಿಗೆ ಜನರನ್ನು ಆರಿಸುವ ಬಗೆ ಅದರಲ್ಲಿದೆ. ಓಲೆಯ ಮೇಲೆ ಹೆಸರು ಬರೆದು, ಗಡಿಗೆಗೆ ಹಾಕಿ, ಚಿಕ್ಕ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ಜಮೀನು, ಓದು ಅಂತೆಲ್ಲ ಷರತ್ತು ಇದ್ದವು, ಎಲ್ಲರಿಗೂ ಬಾಗಿಲು ತೆರೆದಿರಲಿಲ್ಲ. ಆದರೆ ಒಂದು ನಿಯಮ ನನಗೆ ಬಹಳ ಇಷ್ಟ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರು ಗಡಿಗೆಗೆ ಬೀಳುವಂತಿರಲಿಲ್ಲ, ಅವನ ಹತ್ತಿರದ ನೆಂಟರದೂ ಕೂಡ. ಅದೇ ಚೋಳರ ಶಾಸನಗಳು ಕೋಲಾರಮ್ಮನ ಗುಡಿಯಲ್ಲೂ ಇವೆ, ಅವರ ಆಳ್ವಿಕೆ ನಮ್ಮ ನೆಲದವರೆಗೂ ಬಂದಿತ್ತು. ಊರಹಬ್ಬದ ಕಮಿಟಿ, ಶಾಲೆಯ ವಾರ್ಷಿಕೋತ್ಸವದ ಕಮಿಟಿಗೆ ಚೀಟಿಯೇ ಒಳ್ಳೆಯದು ಅನ್ನುತ್ತೇನೆ. ಪ್ರಚಾರ ಇಲ್ಲ, ಗುಂಪು ಇಲ್ಲ, ಸೋತವರಿಲ್ಲ. ಲೆಕ್ಕ ಕೊಡದವರ ಚೀಟಿ ಮಾತ್ರ ಹಾಕಬೇಡಿ. ಡೇರಿ ಸೆಕ್ರೆಟರಿಯಂಥ, ಕೈಗುಣ ಬೇಕಾದ ಕೆಲಸಕ್ಕೂ ಚೀಟಿ ಬೇಡ.

"ಅವಿರೋಧ" ಬೇರೆ, "ತಕರಾರಿಲ್ಲ" ಬೇರೆ

ನಮ್ಮ ಊರುಗಳಲ್ಲಿ ಅವಿರೋಧ ಆಯ್ಕೆ ಅಂದರೆ ಗೌರವದ ಮಾತು. "ನಮ್ಮೂರಲ್ಲಿ ಒಗ್ಗಟ್ಟಿದೆ, ಚುನಾವಣೆಯೇ ಆಗಲಿಲ್ಲ" ಅನ್ನುತ್ತಾರೆ. ನಿಜವಾಗಿ ಕೂತು ಮಾತಾಡಿ ಒಪ್ಪಿದ್ದರೆ ಸಂತೋಷ. ಆದರೆ ಬಹಳ ಸಲ ಅರಳಿಕಟ್ಟೆಯ ಮೇಲೆ ನಾಲ್ಕು ಜನ ಕೂತು ಮುಗಿಸಿರುತ್ತಾರೆ. ಹೆಂಗಸರು ಆ ಕಟ್ಟೆ ಹತ್ತುವುದಿಲ್ಲ, ಕೆಳಗಿನ ಕೇರಿಯವರನ್ನು ಕರೆದಿರುವುದಿಲ್ಲ. ಬಾಯಿಬಿಡದವರನ್ನೂ ಒಪ್ಪಿದವರ ಲೆಕ್ಕಕ್ಕೆ ಹಾಕಿಕೊಂಡು ಒಗ್ಗಟ್ಟು ಅನ್ನುತ್ತೇವೆ. ಇದಕ್ಕಿಂತ ಜಗಳವಾಡಿ ವೋಟು ಹಾಕುವುದೇ ಎಷ್ಟೋ ವಾಸಿ.

ಇದಕ್ಕೆ ಎದುರಾಗಿ ಇನ್ನೊಂದು ದಾರಿ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಕೇಸ್ ಬುಕೆ ಅನ್ನುವವರು 1926ರಲ್ಲಿ ಒಂದು ಶಾಲೆ ತೆರೆದರು. ಮಕ್ಕಳು, ಮೇಷ್ಟ್ರುಗಳು ಒಟ್ಟಿಗೆ ಕೂತು, ವೋಟಿಲ್ಲದೆ, ಎಲ್ಲರಿಗೂ ಒಗ್ಗುವ ಉತ್ತರ ಸಿಗುವ ತನಕ ಮಾತಾಡುತ್ತಿದ್ದರು. ಅಲ್ಲಿಂದ ಬೆಳೆದುಬಂದ ರೀತಿಯಲ್ಲಿ "ಎಲ್ಲರಿಗೂ ಇಷ್ಟವಾ?" ಅಂತ ಕೇಳುವುದಿಲ್ಲ. "ಯಾರಿಗಾದರೂ ಗಟ್ಟಿ ತಕರಾರು ಇದೆಯಾ? ಇದ್ದರೆ ಯಾಕೆ?" ಅಂತ ಕೇಳುತ್ತಾರೆ. ಎಲ್ಲರಿಗೂ ಇಷ್ಟವಾಗುವುದನ್ನು ಹುಡುಕುತ್ತಾ ಹೋದರೆ ರಾತ್ರಿಯಾಗುತ್ತದೆ. ತಕರಾರು ಕೇಳಿ, ಅದಕ್ಕೆ ತಕ್ಕ ಹಾಗೆ ತಿದ್ದಿಕೊಂಡರೆ ಬೇಗ ಮುಗಿಯುತ್ತದೆ.

ನಮ್ಮ ಶಾಲೆಯ ಊಟದ ಸಾಲಿನ ವಿಷಯದಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಏಳನೇ ಕ್ಲಾಸಿನವರು ಮೊದಲು, ಆಮೇಲೆ ಇಳಿಯುತ್ತಾ ಬಂದು ಚಿಕ್ಕವರು ಕೊನೆಗೆ ಅನ್ನುವುದು ಹಳೆಯ ಪದ್ಧತಿ. ದೊಡ್ಡವರು ಬೇಗ ತಿಂದು ಬಡಿಸಲು ನಿಲ್ಲಲಿ ಅಂತ ಮಾಡಿದ್ದು. ಸಭೆಯಲ್ಲಿ ಯಾರಿಗಾದರೂ ತಕರಾರಿದೆಯಾ ಅಂದಾಗ ಮೊದಲು ಯಾರೂ ಏಳಲಿಲ್ಲ. ನಾಲ್ಕನೇ ಕ್ಲಾಸಿನ ಒಬ್ಬಳು ಬಾಯಿ ತೆರೆದು ಮುಚ್ಚಿದಳು. ಮನೆಯಲ್ಲಿ ಅವರದು ತೆಲುಗು. ನಮ್ಮ ಕಡೆ ಅರ್ಧ ಮಕ್ಕಳ ಮನೆಮಾತು ಅದೇ. "ಹೇಗೆ ಬರುತ್ತೋ ಹಾಗೆ ಹೇಳಮ್ಮಾ" ಅಂದೆ. "ಮಾಕು ಮುಕ್ಕಲು ರಾವು ಸಾರ್" ಅಂದಳು. ನಮಗೆ ಸಾಂಬಾರಿನಲ್ಲಿ ಹೋಳು ಬರುವುದಿಲ್ಲ ಅಂತ.

ದೊಡ್ಡ ಹುಡುಗರು "ಅಕ್ಕಾ, ತಳದಿಂದ ಹಾಕಿ" ಅನ್ನುತ್ತಿದ್ದರು. ಅಡುಗೆಯ ಅಕ್ಕ ಸೌಟು ಆಳಕ್ಕೆ ಬಿಟ್ಟು ಹಾಕುತ್ತಿದ್ದರು. ಆಲೂಗಡ್ಡೆ, ಕ್ಯಾರೆಟ್ಟು ಎಲ್ಲ ಮೊದಲ ಎರಡು ಸಾಲಿಗೇ ಮುಗಿಯುತ್ತಿತ್ತು. ಚಿಕ್ಕವರಿಗೆ ನೀರು ಸಾಂಬಾರು. ಇಷ್ಟು ವರ್ಷ ಅದೇ ಊಟದ ಹತ್ತಿರ ನಿಂತಿದ್ದೆವು, ನಮಗ್ಯಾರಿಗೂ ಕಂಡಿರಲಿಲ್ಲ. ಅವತ್ತು ವೋಟಿಗೆ ಹಾಕಿದ್ದರೆ ದೊಡ್ಡವರೇ ಗೆಲ್ಲುತ್ತಿದ್ದರು, ಅವರ ಸಂಖ್ಯೆಯೂ ಜಾಸ್ತಿ, ಗಂಟಲೂ ಜಾಸ್ತಿ. ತಕರಾರು ಕೇಳಿದ್ದರಿಂದ ಒಂದು ಹೋಳಿನ ಮಾತು ಹೊರಗೆ ಬಂತು. ಅಡುಗೆಯ ಅಕ್ಕನನ್ನೂ ಸಭೆಗೆ ಕರೆದೆವು. ಪ್ರತಿ ಸಲ ಕದಡಿಯೇ ಬಡಿಸುತ್ತೇನೆ ಅಂದರು. ಮೊದಲು ಕೂರುವ ಕ್ಲಾಸು ದಿನಕ್ಕೊಂದು ಬದಲಾಗಲಿ ಅಂತ ಏಳನೇ ಕ್ಲಾಸಿನ ಹುಡುಗನೊಬ್ಬನೇ ಹೇಳಿದ.

ಅದಕ್ಕೇ ಹೇಳುತ್ತೇನೆ, ನಮ್ಮ ಗಡಿ ತಾಲ್ಲೂಕುಗಳಲ್ಲಿ ಸಭೆಯ ಮೊದಲ ನಿಯಮ ಭಾಷೆಯದು. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರ, ಪಾವಗಡ ಎಲ್ಲ ಕಡೆ ಕನ್ನಡ ಬರೆಯುವ ಮಕ್ಕಳು ಮನಸ್ಸಿನ ಮಾತನ್ನು ತೆಲುಗಿನಲ್ಲಿ ಆಡುತ್ತಾರೆ. ಡೇರಿಯಲ್ಲೂ ಹಾಗೇ. ನಡಾವಳಿ ಕನ್ನಡದಲ್ಲಿ ಬರೆಯಿರಿ, ಮಾತು ಬಂದ ಹಾಗೆ ಬರಲಿ.

ಎರಡು ಶಾಲೆಗಳು

ಶಾಲೆ ನಡೆಸುವವರು ಎರಡು ಹೆಸರು ತಿಳಿದಿರಬೇಕು. ಒಂದು ಇಂಗ್ಲೆಂಡಿನ ಸಮ್ಮರ್‌ಹಿಲ್, ಎ.ಎಸ್. ನೀಲ್ 1921ರಲ್ಲಿ ಶುರು ಮಾಡಿದ್ದು. ಅಲ್ಲಿನ ಸಭೆಯಲ್ಲಿ ಆರು ವರ್ಷದ ಮಗುವಿಗೂ ಒಂದು ವೋಟು, ನೀಲ್ ಅವರಿಗೂ ಒಂದೇ ವೋಟು. ಕ್ಲಾಸಿಗೆ ಬರಲೇಬೇಕು ಅಂತಲೂ ಇಲ್ಲ. ಇನ್ನೊಂದು ನಮ್ಮದೇ ಕೋಲಾರ ಜಿಲ್ಲೆಯದು. ಡೇವಿಡ್ ಹಾರ್ಸ್‌ಬರೋ 1972ರಲ್ಲಿ ಹಳ್ಳಿ ಮಕ್ಕಳಿಗಾಗಿ ಕಟ್ಟಿದ ನೀಲ್‌ಬಾಗ್. ಅಲ್ಲಿ ಪರೀಕ್ಷೆ ಇರಲಿಲ್ಲ, ಶಿಕ್ಷೆ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಮರಗೆಲಸ, ಹೊಲಿಗೆಯಂಥ ಕೈಕೆಲಸಕ್ಕೂ ಪಾಠದಷ್ಟೇ ಬೆಲೆ. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ಅಲ್ಲಿ ತಯಾರಾದ ಮೇಷ್ಟ್ರುಗಳು ಆ ದಾರಿಯನ್ನು ಬೇರೆ ಕಡೆಗೂ ಕೊಂಡೊಯ್ದರು.

ಸಮ್ಮರ್‌ಹಿಲ್‌ನಲ್ಲಿ ಎಲ್ಲವೂ ಸಭೆಯ ಸುತ್ತ ನಡೆಯುತ್ತದೆ. ನೀಲ್‌ಬಾಗ್ ಮೊದಲು ಹೆದರಿಕೆಯನ್ನು ತೆಗೆದುಹಾಕಿತು. ಸರ್ಕಾರಿ ಶಾಲೆಗೆ ಎರಡರಲ್ಲಿ ಯಾವುದು ಅಂದರೆ, ಮೊದಲು ನೀಲ್‌ಬಾಗ್, ಆಮೇಲೆ ಸಮ್ಮರ್‌ಹಿಲ್‌ನಿಂದ ವಾರದ ಸಭೆ ಮಾತ್ರ. ಕ್ಲಾಸಿಗೆ ಬರುವುದು ಬಿಡುವುದು ಮಗುವಿನ ಇಷ್ಟ ಅನ್ನುವುದನ್ನು ನಾವು ತರಲಾಗದು, ತರಬಾರದು ಕೂಡ. ನಮ್ಮ ಮಕ್ಕಳ ಅಪ್ಪ ಅಮ್ಮ ಕೂಲಿ ಬಿಟ್ಟು ಬಂದು ಅಕ್ಷರಕ್ಕಾಗಿ ಸೇರಿಸಿರುತ್ತಾರೆ. ಆದರೆ ಮೇಜಿನ ಮೇಲೆ ಕೋಲು ಇಟ್ಟುಕೊಂಡು "ತಕರಾರಿದ್ದರೆ ಹೇಳಿ" ಅಂದರೆ ಯಾವ ಮಗು ಹೇಳುತ್ತದೆ? ಹೊಡೆಯುವುದನ್ನೂ, ಮಾತಿನಲ್ಲಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಸಭೆ ಶುರು ಮಾಡುವ ಮೊದಲು ಕೋಲನ್ನು ಶಾಲೆಯಿಂದಲೇ ಹೊರಗೆ ಹಾಕಿ.

ದೊಡ್ಡವರ ಪಾಲೂ ಇದೆ. ನಮ್ಮಲ್ಲಿ 2001ರಿಂದ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಮಕ್ಕಳ ಅಪ್ಪ ಅಮ್ಮಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಅನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಆದರೆ ಸಭೆಯನ್ನು ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಯಾರು ಬರುತ್ತಾರೆ? ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿರುವ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟಿರುವ ವಾರದಲ್ಲಿ ಶಿಡ್ಲಘಟ್ಟದ ಕಡೆಯ ತಾಯಂದಿರಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಲೇಬೇಕು. ಆಮೇಲೆ ನಡಾವಳಿ ಪುಸ್ತಕ ಮನೆಗೆ ಕಳಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಸಭೆಯ ಹೊತ್ತನ್ನು ತಾಯಂದಿರೇ ಹೇಳಲಿ.

ಫ್ಯಾಕ್ಟರಿ, ಆಫೀಸಿನ ಬಗ್ಗೆ ಒಂದೇ ಮಾತು. ನರಸಾಪುರ, ವೇಮಗಲ್, ವಸಂತನರಸಾಪುರದ ಕಡೆ ಕೆಲಸಕ್ಕೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ, ಅವರಿಗೆ ಬೇಕಿರುವುದು ಎಲ್ಲದರಲ್ಲೂ ವೋಟಲ್ಲ. ಶಿಫ್ಟ್ ಬದಲಾಗುವುದು ನಾಲ್ಕು ದಿನ ಮೊದಲೇ ಗೊತ್ತಾಗಬೇಕು, ಬಸ್ಸಿನ ರೂಟ್ ಬಗ್ಗೆ ತಮ್ಮನ್ನು ಕೇಳಬೇಕು. ಅಂಥ ಕಡೆ ಎರಡನೇ ದಾರಿ, ಅಂದರೆ ಕೇಳಿ ತೀರ್ಮಾನಿಸುವುದನ್ನು ಪ್ರಾಮಾಣಿಕವಾಗಿ ಮಾಡಿದರೂ ಸಾಕಷ್ಟಾಯಿತು.

ಆರಿಸಿಕೊಳ್ಳುವಾಗ

ಎಲ್ಲಕ್ಕೂ ಒಂದೇ ದಾರಿ ಹಿಡಿಯಬೇಡಿ. ಒಂದೇ ಡೇರಿಯಲ್ಲಿ ನಿರ್ದೇಶಕರಿಗೆ ಗುಟ್ಟಿನ ವೋಟು, ಹಾಲು ಹಾಕುವ ಹೊತ್ತು ಬದಲಾಯಿಸಲು ತಕರಾರು ಕೇಳುವುದು, ಯಂತ್ರ ಕೆಟ್ಟಾಗ ಸೆಕ್ರೆಟರಿಯ ಮಾತು, ಮೂರೂ ಇರಬಹುದು. ನಾನು ಮೊದಲು ನೋಡುವುದು ತೀರ್ಮಾನ ತಪ್ಪಾದರೆ ವಾಪಸ್ ಪಡೆಯಬಹುದಾ ಅನ್ನುವುದು. ಪಡೆಯಬಹುದು ಅಂದರೆ ಜಾಸ್ತಿ ಎಳೆದಾಡದೆ ಒಂದು ತಿಂಗಳು ಮಾಡಿ ನೋಡಿ. ಕಟ್ಟಡ, ಸಾಲ, ಜಮೀನು ಅಂದರೆ ನಿಧಾನ ಮಾಡಿ, ಲೆಕ್ಕ ಗೋಡೆಗೆ ಅಂಟಿಸಿ, ಗುಟ್ಟಿನ ವೋಟು ಮಾಡಿ. ಆಮೇಲೆ ನೋಡುವುದು ಕೂತವರಲ್ಲಿ ಯಾರು ಯಾರಿಗೆ ಹೆದರುತ್ತಾರೆ ಅನ್ನುವುದು. ಹೆದರಿಕೆ ಇದ್ದರೆ ಕೈ ಎತ್ತಿಸುವುದೂ ಬೇಡ, ಅವಿರೋಧವೂ ಬೇಡ. ಹದಿನೈದು ಇಪ್ಪತ್ತು ಜನ, ದಿನವೂ ಮುಖ ನೋಡುವವರು ಅಂದರೆ ಸರದಿ ಮತ್ತು ತಕರಾರಿನ ಸಭೆ. ನೂರು ದಾಟಿದರೆ ವೋಟು.

ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಗೂ ಒಂದು ಸಲಹೆ. ಮಕ್ಕಳು ಕಾಂಪೌಂಡು, ಶೌಚಾಲಯ, ಬಸ್ಸು ಕೇಳುತ್ತಾರೆ, ದೊಡ್ಡವರು "ನೋಡೋಣ" ಅನ್ನುತ್ತಾರೆ. ಈ ಸಲ ಸಭೆಯನ್ನು ಭಾಷಣದಿಂದ ಶುರು ಮಾಡದೆ ಹೋದ ವರ್ಷದ ಪಟ್ಟಿ ಓದುವುದರಿಂದ ಶುರು ಮಾಡಿಸಿ. ಯಾವುದು ಆಯಿತು, ಯಾವುದು ಆಗಲಿಲ್ಲ, ಯಾಕೆ ಅಂತ ಒಂದೊಂದಕ್ಕೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಉತ್ತರ ಹೇಳಲಿ.

ಶಾಲೆಯಲ್ಲಿ ಹೊಸದಾಗಿ ಶುರು ಮಾಡುವವರು ಶನಿವಾರ ಕೊನೆಯ ಪೀರಿಯಡ್ ತೆಗೆದುಕೊಳ್ಳಿ, ಇಪ್ಪತ್ತು ನಿಮಿಷ ಸಾಕು. ಕುರ್ಚಿ ಬೇಡ, ಎಲ್ಲರೂ ಚಾಪೆ ಮೇಲೆ, ಮೇಷ್ಟ್ರೂ. ಮೊದಲ ಸಭೆಗೆ ಒಂದೇ ವಿಷಯ, ಅದೂ ಮಕ್ಕಳ ಕೈಯಲ್ಲೇ ಸರಿಹೋಗುವಂಥದ್ದು. ಊಟದ ಸಾಲು, ನಲ್ಲಿ ಹತ್ತಿರದ ನೂಕಾಟ, ಒಂದೇ ಬಾಲಿನಲ್ಲಿ ಯಾವ ದಿನ ಹುಡುಗಿಯರು ಆಡಬೇಕು, ಹೀಗೆ. ನಡಾವಳಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇರಲಿ. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ವಾರದ ಲೀಡರ್ ಬರೆದದ್ದು ಇನ್ನೂ ಹಾಗೇ ಇದೆ: "ಸೋಮವಾರದಿಂದ ನಾಲ್ಕನೇ ಕ್ಲಾಸು ಮೊದಲು. ಅಕ್ಕ ಕದಡಿ ಹಾಕುತ್ತಾರೆ."